ಪಕ್ಕದ ಪಟ್ಟಿ ಎಲ್ಲಿ ಹೋಯ್ತು?

ತ್ಯಾಗರಾಜನಗರದ ನಮ್ಮನೆಗೆ ಅಕ್ಕನ ಮಗಳು ಬಂದಿದ್ದಳು. ಒಂಬತ್ತನೇ ಕ್ಲಾಸು. ಬಹುಪದೋಕ್ತಿ ಪಾಠ ಮುಂದಿಟ್ಟುಕೊಂಡು ‘ಚಿಕ್ಕಿ, ನಂಗೆ ಮ್ಯಾಥ್ಸ್ ಬರಲ್ಲ’ ಅಂದಳು. ‘ನಂಗೂ ಬರ್ತಿರಲಿಲ್ಲ ಬಿಡು’ ಅನ್ನೋ ಮಾತು ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡೆ.

ಕೂಡೋದು ಸುಲಭ. ಗಾಂಧಿ ಬಜಾರಿಂದ ನಾನು 2 ಮೊಳ ಮಲ್ಲಿಗೆ, 3 ನಿಂಬೆಹಣ್ಣು ತಂದೆ. ಅಮ್ಮ 1 ಮೊಳ, 4 ಹಣ್ಣು ತಂದರು. ಒಟ್ಟು 3 ಮೊಳ, 7 ಹಣ್ಣು. ಮೊಳಕ್ಕೆ ಹಣ್ಣು ಕೂಡಿಸಲ್ಲ ತಾನೆ? ಸಜಾತಿ ಪದ ಅಂದ್ರೆ ಅಷ್ಟೇ.

ಎಡವಿದ್ದು ಗುಣಾಕಾರದಲ್ಲಿ. ಪುಸ್ತಕದ ಎಕ್ಸ್ ಬದಲು ‘ಕ’ ಅನ್ನೋಣ. (ಕ + 3)² ಅಂದ್ರೆ ಕ² + 9 ಅಂತ ಬರೆದಿದ್ದಳು. ಒಂದು ಚೌಕ ಸೈಟಿನ ಚಿತ್ರ ಬರೆದೆ, ಬದಿ ‘ಕ’ ಅಡಿ. ಉದ್ದಕ್ಕೂ ಅಗಲಕ್ಕೂ 3 ಅಡಿ ಸೇರಿಸಿದೆ. ಮೂಲೆಯ ಪುಟ್ಟ ಚೌಕ 9, ಸರಿ. ಪಕ್ಕದ ಎರಡು ಪಟ್ಟಿ? ಒಂದೊಂದೂ 3ಕ. ‘ಅಯ್ಯೋ, 6ಕ ಬಿಟ್ಟೇಬಿಟ್ಟೆ!’ ಉತ್ತರ ಕ² + 6ಕ + 9.

ಅಪವರ್ತನ ಇದರ ಉಲ್ಟಾ: ವಿಸ್ತೀರ್ಣ ಕೊಟ್ಟು ಉದ್ದ, ಅಗಲ ಕೇಳೋದು. ಕ² + 5ಕ + 6 ಇದ್ರೆ, ಕೂಡಿದಾಗ 5, ಗುಣಿಸಿದಾಗ 6 ಬರೋ ಸಂಖ್ಯೆ ಹುಡುಕಬೇಕು. 2 ಮತ್ತು 3. ಹಾಗಾಗಿ (ಕ + 2)(ಕ + 3).

ಈ ದಾರಿ ಹೊಸದೇನಲ್ಲ. 9ನೇ ಶತಮಾನದಲ್ಲಿ, ನೃಪತುಂಗನ ಕಾಲದಲ್ಲೇ, ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದಲ್ಲಿ ಒಂಟೆ ಹಿಂಡಿನ ಕಥೆ ಹೇಳಿ ವರ್ಗದ ಲೆಕ್ಕ ಕೊಟ್ಟಿದ್ದರು.

ನಿಮ್ಮನೆ ಮಗು ‘ಬರಲ್ಲ’ ಅಂದಾಗ, ‘ನಂಗೂ’ ಅನ್ನೋ ಮೊದಲು ಒಂದು ಚೌಕ ಬರೆದು ನೋಡಿ.