‘ಒಂದೆರಡು ಕಡೆ ಮಳೆ’ ಎಂದರೆ ಯಾವ ಕಡೆ?



ಅಶ್ವಿನಿ ಮಳೆ ಮುಗಿದು ಭರಣಿ ಹುಟ್ಟುವ ಈ ವಾರದಲ್ಲಿ ತಿಪಟೂರು ಸೀಮೆಯ ಬೆದ್ದಲು ಹೊಲದವರೆಲ್ಲ ಮುಗಿಲು ನೋಡುತ್ತಾ ಕುಳಿತಿರುತ್ತಾರೆ. ಹೆಸರು ಬಿತ್ತನೆಗೆ ಇದೇ ಕಾಲ. ಈಗ ಬಿತ್ತಿದರೆ 65-70 ದಿನಗಳಲ್ಲಿ ಕಾಯಿ ಬಿಡಿಸಿಕೊಂಡು ಅದೇ ಹೊಲಕ್ಕೆ ರಾಗಿ ಹಾಕಬಹುದು. ತಡವಾದರೆ ಕಾಯಿ ಬಲಿಯುವ ಹೊತ್ತಿಗೆ ಜಡಿಮಳೆ ಹಿಡಿದು ಗಿಡದಲ್ಲೇ ಕಾಳು ಮೊಳೆಯುವ ಭಯ. ಆದ್ದರಿಂದ ರೈತರ ಆತುರ ಸಹಜವೇ.

ಪ್ರತಿ ವರ್ಷ ಈ ದಿನಗಳ ಮುನ್ಸೂಚನೆಯಲ್ಲಿ ‘ಒಳನಾಡಿನ ಒಂದೆರಡು ಕಡೆ ಗುಡುಗು ಸಹಿತ ಮಳೆ’ ಎಂಬ ಮಾತು ಬರುತ್ತದೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಇದಕ್ಕೆ ಖಚಿತವಾದ ಅರ್ಥವಿದೆ. ನೂರು ಮಳೆ ಕೇಂದ್ರಗಳಿದ್ದರೆ ಹೆಚ್ಚೆಂದರೆ 25ರಲ್ಲಿ ಮಾತ್ರ ಮಳೆ. ‘ಕೆಲವು ಕಡೆ’ ಎಂದರೆ 50ರವರೆಗೆ, ‘ಹಲವು ಕಡೆ’ ಎಂದರೆ 75ರವರೆಗೆ. ಅದೂ ಎರಡೂವರೆ ಮಿಲಿಮೀಟರ್ ಬಿದ್ದರೆ ಮಳೆ ಬಂದಂತೆಯೇ ಲೆಕ್ಕ. ಅಷ್ಟು ಮಳೆಗೆ ನಮ್ಮ ಕೆಂಪು ಮಣ್ಣಿನ ಧೂಳು ಅಡಗಿದರೆ ಹೆಚ್ಚು. ಈ ಅರ್ಥವನ್ನು ರೈತರಿಗೆ ಬಿಡಿಸಿ ಹೇಳದ ತಪ್ಪು ನಮ್ಮಂಥ ವಿಸ್ತರಣಾ ನೌಕರರದು.

ನಾನೂ ಈ ತಪ್ಪು ಮಾಡಿದವನೇ. ಕೆಲವು ವರ್ಷಗಳ ಹಿಂದೆ ಒಂದು ಹಳ್ಳಿಯ ಸಭೆಯಲ್ಲಿ ‘ಈ ವಾರ ಮಳೆಯಿದೆ, ಬೀಜ ಸಿದ್ಧಮಾಡಿಕೊಳ್ಳಿ’ ಎಂದುಬಿಟ್ಟೆ. ಎರಡು ಹನಿ ಬಿತ್ತು, ಜನ ಬಿತ್ತಿದರು. ಮುಂದೆ ಹದಿನೈದು ದಿನ ಸುಡುಬಿಸಿಲು. ಎಕರೆಗೆ ಹಾಕಿದ್ದ ಆರು ಕಿಲೋ ಬೀಜ ಎರಡೆಲೆಯಲ್ಲೇ ಒಣಗಿದ ಮೇಲೆ ಸಾಲ ಮಾಡಿ ಮತ್ತೆ ಬೀಜ ತಂದ ಹೆಣ್ಣುಮಗಳೊಬ್ಬಳು, ‘ಸ್ವಾಮಿ, ಆ ಒಂದೆರಡು ಕಡೆಯಲ್ಲಿ ನಮ್ಮೂರು ಇರಲಿಲ್ಲವೇ?’ ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ.

2024ರ ಅಕ್ಟೋಬರಿನಲ್ಲಿ ಗ್ರಾಮ ಪಂಚಾಯಿತಿವಾರು ಮುನ್ಸೂಚನೆ ಆರಂಭವಾಯಿತು. ಒಳ್ಳೆಯ ಕೆಲಸವೇ. ಆದರೆ ಮುಂಗಾರು ಪೂರ್ವದ ಮಳೆ ಹಗಲಿನ ಕಾವಿಗೆ ಮೇಲೆದ್ದ ಮೋಡದಿಂದ ಸಂಜೆ ಸುರಿಯುವಂಥದು. ಕೆರೆಯ ಈಚೆ ದಡ ತೊಯ್ದು ಆಚೆ ದಡ ಒಣಗಿರುವುದನ್ನು ನೀವೇ ಕಂಡಿದ್ದೀರಿ. ಅದಕ್ಕೆ ಪಂಚಾಯಿತಿಯ ಗಡಿ ಗೊತ್ತಿಲ್ಲ. ಮುನ್ಸೂಚನೆಯನ್ನು ನಂಬಿ ಹೊಲ ಹದಮಾಡಿ, ಬೀಜ ಶುದ್ಧಮಾಡಿಡಿ. ಬಿತ್ತನೆಗೆ ಮಾತ್ರ ಬಿದ್ದ ಮಳೆಯನ್ನು ನಂಬಿ ಎಂಬುದು ನನ್ನ ಅಭಿಪ್ರಾಯ. ಎರಡು-ಮೂರು ದಿನಗಳಲ್ಲಿ ಒಟ್ಟು 25 ಮಿಲಿಮೀಟರ್ ಆದರೂ ಬೀಳಬೇಕು. ಅಂದರೆ ಎಕರೆಗೆ ಸುಮಾರು ಒಂದು ಲಕ್ಷ ಲೀಟರ್ ನೀರು. ಆಮೇಲೂ ಅರ್ಧ ಅಡಿ ಅಗೆದು ನೋಡಿ. ತಳದ ಮಣ್ಣು ಮುಷ್ಟಿಯಲ್ಲಿ ಉಂಡೆ ಕಟ್ಟದಿದ್ದರೆ ಬೀಜ ಮಡಕೆಯಲ್ಲೇ ಇರಲಿ.

(ಮಾತಿನ ನಡುವೆ ಇದೊಂದು: ಗುಡುಗು ಕೇಳಿದೊಡನೆ ತೆಂಗಿನ ಬುಡ ಬಿಟ್ಟು ಮನೆ ಸೇರಿ. ದನಗಳನ್ನೂ ಮರಕ್ಕೆ ಕಟ್ಟಬೇಡಿ.)

ಅಳೆಯಲು ದುಬಾರಿ ಯಂತ್ರ ಬೇಕಿಲ್ಲ. ನೆಟ್ಟನೆಯ ಗೋಡೆಯ, ಸಮತಟ್ಟು ತಳದ ಡಬ್ಬಿ ಮತ್ತು ಶಾಲೆಯ ಅಳತೆಪಟ್ಟಿ ಸಾಕು. ಬಾಯಿ ಎಷ್ಟೇ ಅಗಲವಿರಲಿ, ನಿಂತ ನೀರಿನ ಎತ್ತರವೇ ಮಳೆ. ಅಳತೆಪಟ್ಟಿಯ ಅಂಚಿನಲ್ಲಿ ಸೊನ್ನೆಗೆ ಮೊದಲು ಬಿಟ್ಟಿರುವ ಜಾಗವನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಬೇಕಷ್ಟೆ. ಮರ, ಗೋಡೆಗಳಿಂದ ಅವುಗಳ ಎತ್ತರದ ಎರಡರಷ್ಟು ದೂರದಲ್ಲಿ ಬಯಲಿನಲ್ಲಿ ನೆಡಿ. ನಿಮ್ಮ ವಾಚನಾಲಯದ ಬಳಿ ಒಂದು, ಊರಿನ ನಾಲ್ಕು ದಿಕ್ಕಿನ ಹೊಲಗಳಲ್ಲಿ ಒಂದೊಂದು ಇಟ್ಟು, ಬೆಳಿಗ್ಗೆ ಎಂಟೂವರೆಗೆ ಅಳೆದು ಹಲಗೆಯ ಮೇಲೆ ಬರೆಯಿರಿ. ನಾನು ಮುಂದಿನ ಸಲ ಬಂದಾಗ ಮೊದಲು ಆ ಹಲಗೆ ಓದಿ, ಆಮೇಲೆ ಮಾತನಾಡುತ್ತೇನೆ.