ಗಾಜಿನ ತೊಟ್ಟಿಯ ಹವಳ ಮತ್ತು ಬೆಳಕಿನ ಲೆಕ್ಕ

ಮಲೆನಾಡಿನ ಪತ್ರಿಕೆಯೊಂದು ಕಡಲಿನ ಹವಳದ ಕುರಿತು, ಅದರಲ್ಲೂ ಮನೆಯ ಗಾಜಿನ ತೊಟ್ಟಿಯಲ್ಲಿ ಸಾಕುವ ಹವಳದ ಕುರಿತು ಸಂಪಾದಕೀಯ ಬರೆಯುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಆದರೆ ಬಿಸಿಲು-ನೆರಳಿನ ಹದದ ಮೇಲೆ ನಿಂತ ಬದುಕನ್ನು ನಮ್ಮ ತೋಟಿಗರಿಗಿಂತ ಚೆನ್ನಾಗಿ ಬಲ್ಲವರು ಯಾರು? ಏಲಕ್ಕಿಯನ್ನು ಬಯಲಿನಲ್ಲಿ ನೆಟ್ಟರೆ ಸುಟ್ಟುಹೋಗುತ್ತದೆ. ಭತ್ತವನ್ನು ಮರದಡಿಯಲ್ಲಿ ನೆಟ್ಟರೆ ಜೊಳ್ಳಾಗುತ್ತದೆ. ಹವಳದ ಕತೆಯೂ ಹೀಗೆಯೇ. ಆದರೆ ಅದು ಗಿಡವಲ್ಲ, ಪ್ರಾಣಿ.

ಪ್ರಾಣಿಗೆ ಬಿಸಿಲೇಕೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಹವಳದ ಮೆದುವಾದ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳು ಲಕ್ಷಗಟ್ಟಲೆ ನೆಲೆಸಿವೆ. ಬೆಳಕಿನಿಂದ ಅವು ತಯಾರಿಸುವ ಆಹಾರದ ಬಹುಪಾಲು ಹವಳಕ್ಕೆ ಸಲ್ಲುತ್ತದೆ. ಪ್ರತಿಯಾಗಿ ಹವಳವು ಅವುಗಳಿಗೆ ಆಶ್ರಯವನ್ನೂ ತನ್ನ ತ್ಯಾಜ್ಯರೂಪದ ಪೋಷಕಾಂಶವನ್ನೂ ನೀಡುತ್ತದೆ. ಬೆಳಕು ಅತಿಯಾದರೆ, ಅಥವಾ ನೀರು ಬಿಸಿಯಾದರೆ, ಈ ಪಾಚಿಗಳಲ್ಲಿ ವಿಷಕಾರಿ ರೂಪದ ಆಮ್ಲಜನಕ ಹುಟ್ಟುತ್ತದೆ. ಹವಳವು ಅವನ್ನು ಹೊರದಬ್ಬಿ ಬಿಳಿಚಿಕೊಳ್ಳುತ್ತದೆ. ಬೆಳಕು ಕಡಿಮೆಯಾದರೆ ಪಾಚಿ ದಟ್ಟವಾಗಿ ಹವಳ ಕಂದಾಗುತ್ತದೆ. ಆದುದರಿಂದ ಹವಳ ಸಾಕುವವರು ಅದರ ಬಣ್ಣವನ್ನು ನೋಡಿಯೇ ಜಾಗ ಬದಲಿಸುತ್ತಾರೆ.

ಜಾಗದ ಆಯ್ಕೆಯಲ್ಲಿ ನಿಜವಾದ ವಿವೇಕವಿದೆ. ಕವಲುಕವಲಾಗಿ ಬೆಳೆಯುವ ಅಕ್ರೋಪೋರವು ಅಲೆ ಬಡಿಯುವ ಆಳವಿಲ್ಲದ ನೀರಿನ ಜೀವಿ. ತೊಟ್ಟಿಯಲ್ಲಿ ಅದಕ್ಕೆ ಕಲ್ಲಿನ ನೆತ್ತಿ, ದೀಪದ ನೇರ ಬೆಳಕು, ಬಲವಾದ ನೀರಿನ ಓಟ ಬೇಕು. ಅಣಬೆ ಹವಳವೆಂದು ಕರೆಯಲಾಗುವ ಮೆತ್ತನೆಯ ಜೀವಿಗಾದರೆ ತಳದ ಮಬ್ಬು ಸಾಕು. ಬೆಳಕನ್ನು ಅಳೆಯಲು ಪಾರ್ ಎಂಬ ಮಾನವಿದೆ. ಉಷ್ಣವಲಯದ ಕಡಲ ಮೇಲ್ಮೈಯಲ್ಲಿ ನಡುಹಗಲಿನಲ್ಲಿ ಅದು 2000ದ ಆಸುಪಾಸಿನಲ್ಲಿದ್ದರೆ, ತೊಟ್ಟಿಯ ಅಕ್ರೋಪೋರಕ್ಕೆ ಸಾಮಾನ್ಯವಾಗಿ 250ಕ್ಕಿಂತ ಮೇಲೆ ಇರಿಸುತ್ತಾರೆ. ಅಣಬೆ ಹವಳಕ್ಕೆ 50ರಿಂದ 100 ಸಾಕಾಗುತ್ತದೆ. ಹೊಸದಾಗಿ ತಂದುದನ್ನು ಒಮ್ಮೆಲೇ ಮೇಲೆ ಇರಿಸುವಂತಿಲ್ಲ. ಕೆಳಗಿಟ್ಟು, ವಾರಗಟ್ಟಲೆ ಒಗ್ಗಿಸಿ ಮೇಲಕ್ಕೆ ತರಬೇಕು. ಇನ್ನು ನೆರೆಹೊರೆಯ ಜಗಳ ಬೇರೆ! ಗ್ಯಾಲಕ್ಸಿಯದಂತಹ ಕೆಲವು ಹವಳಗಳು ರಾತ್ರಿ ತಮ್ಮ ಕುಟುಕುವ ಎಳೆಗಳನ್ನು ಗೇಣುದ್ದ ಚಾಚಿ ಪಕ್ಕದ ಹವಳವನ್ನು ಸುಡುತ್ತವೆ. ನಡುವೆ ಅಂತರ ಬಿಡದವರು ಬೆಳಗಾಗುವುದರೊಳಗೆ ಪರಿಣಾಮವನ್ನು ಕಾಣುತ್ತಾರೆ.

ಇಷ್ಟೆಲ್ಲವನ್ನು ಮನುಷ್ಯ ಕಲಿತದ್ದು ದುಬಾರಿ ದೀಪಗಳಿಂದಲ್ಲ. ಜಕಾರ್ತದ ಲೀ ಚಿನ್ ಎಂಗ್ ಎಂಬವರು ಸಹಜ ಬಿಸಿಲು, ಕಡಲಿನ ಜೀವಂತ ಕಲ್ಲು ಮತ್ತು ಗಾಳಿಗುಳ್ಳೆಗಳ ನೆರವಿನಿಂದಲೇ ಹವಳವನ್ನು ಸಾಕಿ, ಆ ವಿಧಾನವನ್ನು 1961ರಲ್ಲಿ ಪ್ರಕಟಿಸಿದರು. ಅನಂತರ ತೊಟ್ಟಿಯನ್ನೇ ಕಾಯಿಸುವ ಲೋಹದ ಹ್ಯಾಲೈಡ್ ದೀಪಗಳು ಬಂದವು. ಈಗ ಎಲ್‌ಇಡಿಗಳ ಕಾಲ. ಇವುಗಳಲ್ಲಿ ನೀಲಿ ಪ್ರಧಾನವಾಗಿರುವುದಕ್ಕೆ ಕಾರಣವಿದೆ. ಸಮುದ್ರದಲ್ಲಿ ಕೆಂಪು ಬೆಳಕು ಮೇಲಿನ ಕೆಲವೇ ಮೀಟರುಗಳಲ್ಲಿ ಹೀರಿಹೋಗುತ್ತದೆ, ನೀಲಿ ಆಳಕ್ಕಿಳಿಯುತ್ತದೆ. ಆದರೆ ಇಂದಿನ ಕಡುನೀಲಿ ತೊಟ್ಟಿಗಳಲ್ಲಿ ಹವಳದ ಹಿತಕ್ಕಿಂತ ನೋಡುಗನ ಕಣ್ಣಿನ ಆಸೆಯೇ ಹೆಚ್ಚೆಂದು ನಮ್ಮ ಅನಿಸಿಕೆ. ನೀಲಿಯಲ್ಲಿ ಹವಳದ ಪ್ರೋಟೀನುಗಳು ಹೊಳೆಯುತ್ತವೆ. ಹೊಳೆಯುವ ತುಣುಕಿಗೆ ಬೆಲೆಯೂ ಹೆಚ್ಚು.

ಬೆಳಕಿನ ಈ ವಿದ್ಯೆ ಕೇವಲ ವಿಲಾಸವೆಂದು ತಳ್ಳಿಹಾಕುವವರೊಡನೆಯೂ ನಮಗೆ ಸಮ್ಮತಿಯಿಲ್ಲ. ಲಂಡನ್ನಿನ ಹಾರ್ನಿಮನ್ ವಸ್ತುಸಂಗ್ರಹಾಲಯದವರು ಕಡಲಿನ ಋತುಮಾನ, ಸೂರ್ಯೋದಯ-ಸೂರ್ಯಾಸ್ತ, ಚಂದ್ರನ ವೃದ್ಧಿಕ್ಷಯಗಳನ್ನು ತೊಟ್ಟಿಯೊಳಗೆ ಅನುಕರಿಸಿ, ಹವಳವು ನಿಶ್ಚಿತ ಕಾಲಕ್ಕೆ ಮೊಟ್ಟೆ-ವೀರ್ಯಗಳನ್ನು ಬಿಡುವಂತೆ ಮಾಡಿದರು. 2023ರ ಬೇಸಿಗೆಯಲ್ಲಿ ಅಮೆರಿಕದ ಫ್ಲೋರಿಡಾದ ಕಡಲು ಕಾದಾಗ, ಸಮುದ್ರದೊಳಗಿನ ಸಸಿಮಡಿಗಳಿಂದ ಹವಳಗಳನ್ನು ಕಿತ್ತು ದಡದ ತೊಟ್ಟಿಗಳಿಗೆ ಸಾಗಿಸಬೇಕಾಯಿತು. ಅಲ್ಲಿನ ದಿಬ್ಬವನ್ನು ಕಟ್ಟಿದ್ದ ಎರಡು ಅಕ್ರೋಪೋರ ಪ್ರಭೇದಗಳು ಆ ದಿಬ್ಬದಲ್ಲಿ ತಮ್ಮ ಕೆಲಸ ಮಾಡಲಾರದಷ್ಟು ಅಳಿದಿವೆಯೆಂದು 2025ರಲ್ಲಿ ವಿಜ್ಞಾನಿಗಳು ತೀರ್ಮಾನಿಸಿದರು. ಹವಳವನ್ನು ಎಲ್ಲಿಡಬೇಕು, ಎಷ್ಟು ಬೆಳಕು ಕೊಡಬೇಕು ಎಂಬ ಅರಿವು ಇಂಥ ಹೊತ್ತಿನಲ್ಲಿ ವಂಶ ಉಳಿಸುವ ಅರಿವಾಗುತ್ತದೆ.

ಆದರೆ ಇದರಿಂದ ನಮ್ಮ ಮನೆಗಳಲ್ಲಿ ಹವಳವಿರಿಸಲು ಪರವಾನಗಿ ದೊರೆತಂತಾಗಲಿಲ್ಲ. ನಗರದಲ್ಲಿ ಉದ್ಯೋಗಕ್ಕಿರುವ ನಮ್ಮ ಊರಿನ ತರುಣರು ಇದನ್ನು ಮುಖ್ಯವಾಗಿ ಗಮನಿಸಬೇಕು. 2001ರಲ್ಲಿ ಭಾರತವು ದಿಬ್ಬ ಕಟ್ಟುವ ಕಲ್ಲುಹವಳಗಳೆಲ್ಲವನ್ನೂ, ಕಪ್ಪು ಹವಳ, ಸಮುದ್ರ ಬೀಸಣಿಗೆಗಳನ್ನೂ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಗೆ, ಅಂದರೆ ಹುಲಿ, ಆನೆಗಳ ಸಾಲಿಗೆ ಸೇರಿಸಿತು. ನಮ್ಮ ಕಡಲಿನಿಂದ ಕಿತ್ತ ಹವಳದ ತುಣುಕು ಕಾನೂನಿನ ದೃಷ್ಟಿಯಲ್ಲಿ ಹುಲಿಯುಗುರಿಗಿಂತ ಭಿನ್ನವಲ್ಲ. ಮಾರುವವನು ಏನೇ ಹೇಳಲಿ, ಕೊಳ್ಳದಿರುವುದೇ ಸರಿ.

ನಮ್ಮ ಗುಡ್ಡಕ್ಕೂ ಹವಳಕ್ಕೂ ನೇರ ಸಂಬಂಧವೊಂದುಂಟು. ಕೆಸರು ನೀರು ಬೆಳಕನ್ನು ತಡೆಯುತ್ತದೆ, ಹೂಳು ಹವಳದ ಬಾಯಿ ಮುಚ್ಚುತ್ತದೆ. ನದಿಮುಖಗಳ ಬಳಿ ಹವಳದ ದಿಬ್ಬ ಬೆಳೆಯದಿರಲು ಸಿಹಿನೀರಿನೊಡನೆ ಇದೂ ಕಾರಣ. ಬೆಟ್ಟ ಬೋಳಾಗಿ ಮಳೆಗಾಲದ ಹೊಳೆ ಹೆಚ್ಚು ಕೆಂಪಾದಷ್ಟೂ ಕಡಲಿಗೆ ಸೇರುವ ಮಣ್ಣು ಹೆಚ್ಚು. ಕರ್ನಾಟಕದ ಕರಾವಳಿಯಲ್ಲಿ ಹವಳವಿರುವ ತಾಣಗಳು ಕೆಲವೇ. ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ ದ್ವೀಪ ಅವುಗಳಲ್ಲಿ ಹೆಸರಾದದ್ದು. ಜೀವಂತ ಹವಳವನ್ನು ಕಾಣಬಯಸುವ ವಿದ್ಯಾರ್ಥಿಗಳು ಅಲ್ಲಿಗೆ ಹೋಗಿ, ಮುಟ್ಟದೆ, ಮುರಿಯದೆ ನೋಡಿ ಬರಲಿ. ಮಳೆಗಾಲ ಕಳೆದು ಕಡಲು ತಿಳಿಯಾದ ಮೇಲೆ ಹೋಗುವುದು ಉತ್ತಮ.