ಯಾವಾಗ ಬಂದಿ ತಮ್ಮಾ?

ಹೈದರಾಬಾದಿನಿಂದಲೋ ಪುಣೆಯಿಂದಲೋ ದುಡಿದು ಬಂದವನು ಕಲಬುರಗಿ ಜಿಲ್ಲೆಯ ಚಿಮ್ಮನಚೋಡದಲ್ಲಿ ಬಸ್ ಇಳಿದರೆ ಅವನಿಗೆ ಯಾರೂ ಸ್ವಾಗತ ಎನ್ನುವುದಿಲ್ಲ. ‘ಯಾವಾಗ ಬಂದಿ ತಮ್ಮಾ?’ ಎನ್ನುತ್ತಾರೆ. ಎದುರಿಗೇ ನಿಂತಿದ್ದಾನೆ, ಹೆಗಲ ಮೇಲಿನ ಚೀಲ ಇನ್ನೂ ಇಳಿದಿಲ್ಲ, ಆದರೂ ಕೇಳುತ್ತಾರೆ. ತೆಲಂಗಾಣಕ್ಕೆ ಹತ್ತಿದ ಚಿಂಚೋಳಿ ಸೀಮೆಯಲ್ಲಿ ತೆಲುಗು ಮನೆಯವರು ಕೇಳುವುದೂ ಇದನ್ನೇ, ಉರ್ದು ಮನೆಯವರ ‘ಕಬ್ ಆಯೇ?’ ಕೂಡ ಇದೇ. ಉತ್ತರ ಗೊತ್ತಿದ್ದೂ ಕೇಳುವ ಈ ಪ್ರಶ್ನೆಯನ್ನು ಬರೀ ವಿಚಾರಣೆ ಎಂದುಕೊಂಡವರಿಗೆ, ತಿರುಗಿ ಬಂದವರಿಗೆ ಹೇಳಲು ಕನ್ನಡದಲ್ಲಿ ಮಾತೇ ಇಲ್ಲ ಅನ್ನಿಸುತ್ತದೆ. ಹಾಗಾಗಿ ಇಂಗ್ಲಿಷಿನ ‘ವೆಲ್‌ಕಮ್ ಬ್ಯಾಕ್’ ನಮ್ಮಲ್ಲಿ ‘ಮರಳಿ ಸ್ವಾಗತ’ವಾಗಿ ಮೊಬೈಲ್ ಪರದೆ ಏರಿದೆ. ಇಲ್ಲದ ಕೊರತೆಯನ್ನು ತುಂಬಲು ಬಂದ ಮಾತು ಇದು.

ಜರ್ಮನ್ ಭಾಷೆಗೂ ಇದೇ ಒದಗಿದೆ. ‘ವಿಲ್‌ಕೊಮ್ಮೆನ್ ತ್ಸುರ್ಯುಕ್’ ಎಂಬ ಮಾತು ಈಗ ಅಲ್ಲಿ ಎಲ್ಲೆಡೆ ಓಡಾಡುತ್ತಿದೆ. ಭಾಷೆಯ ಬಗ್ಗೆ ಕಾಳಜಿ ಇರುವ ಹಲವರು ಅದರಲ್ಲಿ ಇಂಗ್ಲಿಷಿನ ಅಚ್ಚು ಕಾಣುತ್ತಾರೆ. ಮನೆಮಾತಿನ ಬಳಕೆ ಬೇರೆ. ‘ನಾ, ವೀಡರ್ ದಾ?’ ಎಂದರೆ ಹೆಚ್ಚುಕಡಿಮೆ ನಮ್ಮ ‘ಏನಪಾ, ಬಂದ್ಯಾ?’. ಅದೂ ಪ್ರಶ್ನೆಯೇ. ‘ಶ್ಯೋನ್, ದಾಸ್ ದು ವೀಡರ್ ದಾ ಬಿಸ್ಟ್’ ಎಂಬುದಕ್ಕೆ ಕಲಬುರಗಿ ಕಡೆಯ ‘ನೀ ಬಂದಿದ್ದು ಚಲೋ ಆತು ನೋಡು’ ಎಂಬುದಕ್ಕಿಂತ ಹತ್ತಿರದ ಮಾತು ಸಿಗದು. ಇನ್ನು ‘ವಿಲ್‌ಕೊಮ್ಮೆನ್’ ಎಂಬ ಪದದ ಬೇರು ಹಿಡಿದರೆ ಸಿಗುವ ಅರ್ಥ, ಬಯಸಿದಂತೆ ಬಂದವನು. ನಮ್ಮ ‘ಸ್ವಾಗತ’ವೂ ಸಂಸ್ಕೃತದ ‘ಸು’ ಮತ್ತು ‘ಆಗತ’ ಕೂಡಿ ಆದದ್ದು. ಎರಡೂ ಹುಟ್ಟಿನಿಂದಲೇ ಅತಿಥಿಗೆ ಒಪ್ಪುವ ಪದಗಳು. ಮನೆಯ ಮಗನಿಗೆ ಅವನ್ನು ಹೇಳಿದರೆ ಅವನು ಹೊಸ್ತಿಲ ಆಚೆಗೇ ಉಳಿಯುತ್ತಾನೆ. ಅಲ್ಲದೆ ಹೊರಡುವಾಗಲೇ ಅವನು ‘ಹೋಗಿ ಬರ್ತೀನಿ’ ಎಂದು ಮಾತು ಕೊಟ್ಟಿರುತ್ತಾನೆ. ಜರ್ಮನರ ‘ಔಫ್ ವೀಡರ್‌ಸೇಯನ್’ ಕೂಡ ಮತ್ತೆ ಕಾಣುವ ಮಾತೇ. ಕೊಟ್ಟ ಮಾತು ನಡೆಸಿ ಬಂದವನ ಬರವನ್ನು ಗುರುತಿಸಿದರೆ ಸಾಕು, ‘ಬಂದ್ಯಾ?’ ಮಾಡುವುದು ಅಷ್ಟನ್ನೇ.

ಭಾಷೆ ಬೆಳೆಯುವುದೇ ಹೀಗೆ, ಎರವಲಿಗೆ ಅಂಜಬಾರದು ಎಂದು ಯಾರಾದರೂ ಹೇಳಬಹುದು. ಒಪ್ಪುತ್ತೇನೆ; ‘ಸ್ವಾಗತ’ವೇ ಎರವಲು, ಅದರಿಂದ ಕನ್ನಡಕ್ಕೆ ನಷ್ಟವಾಗಿಲ್ಲ. ಆದರೆ ಅದು ಬಂದಾಗ ಸಭೆಯ ಬಾಗಿಲಲ್ಲಿ ನಿಂತಿತು, ಅಡುಗೆಮನೆಗೆ ನುಗ್ಗಲಿಲ್ಲ. ನಮ್ಮದೇ ಆದ ಹಳಗನ್ನಡದ ‘ಇದಿರ್ಗೊಳ್’, ಇಂದಿನ ‘ಬರಮಾಡಿಕೊಳ್ಳು’ ಎರಡೂ ಕ್ರಿಯೆಗಳು. ಎದ್ದು ನಾಲ್ಕು ಹೆಜ್ಜೆ ಎದುರು ಹೋಗುವುದು, ಕೈಕಾಲಿಗೆ ನೀರು ಕೊಡುವುದು, ‘ಭಾಳ ಸೊರಗೀದಿ’ ಎಂದು ಗದರುವುದು, ಎಲ್ಲವೂ ಅವುಗಳೊಳಗೆ ಬರುತ್ತವೆ. ಗುರುತಿಲ್ಲದವರನ್ನು ಕರೆಯಬೇಕಾದ ಬ್ಯಾಂಕಿನ ಯಂತ್ರಕ್ಕೂ ಶಾಲೆಯ ಫಲಕಕ್ಕೂ ‘ಬನ್ನಿ’ ಎಂಬ ಎರಡಕ್ಷರ ಸಾಲದೇ?

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ಕೊರೊನಾ ಹರಡಿದ್ದ 2020ರ ಮೇ ತಿಂಗಳಲ್ಲಿ ಮಹಾರಾಷ್ಟ್ರದಿಂದ ಕಲಬುರಗಿ ಜಿಲ್ಲೆಗೆ ಕೂಲಿಯವರು ಹಿಂದಿರುಗಿದರು, ಶಾಲೆ-ಹಾಸ್ಟೆಲುಗಳಲ್ಲಿ ಕ್ವಾರಂಟೈನ್ ಆದರು. ಆಗ ‘ಯಾವಾಗ ಬಂದಿ?’ ಎಂಬುದರ ದನಿ ಬದಲಾಯಿತು. ಪ್ರೀತಿಯ ಪ್ರಶ್ನೆಯಲ್ಲಿ ರೋಗದ ಭಯ ಸೇರಿತು. ದನಿಯನ್ನು ನೆಚ್ಚಿದ ಮಾತು ಹೀಗೆ ಕೈಕೊಡುತ್ತದೆ, ಸ್ಥಿರವಾದ ಒಂದು ಶಿಷ್ಟ ವಾಕ್ಯವಿದ್ದರೆ ಲೇಸಲ್ಲವೇ ಎಂದರೆ, ಇಲ್ಲ ಎನ್ನುವೆ. ‘ಮರಳಿ ಸ್ವಾಗತ’ಕ್ಕೆ ಧನ್ಯವಾದ ಬಿಟ್ಟರೆ ಉತ್ತರವಿಲ್ಲ. ಪ್ರಶ್ನೆಗೆ ಉತ್ತರ ಹೇಳಬೇಕಾಗುತ್ತದೆ: ಹತ್ತಲು ಬಸ್ಸು ಸಿಗಲಿಲ್ಲ, ಮಾಲೀಕ ಪಗಾರ ಕೊಡಲಿಲ್ಲ, ಮೈಗೆ ಆರಾಮಿಲ್ಲ. ಅನುಮಾನದಿಂದ ಕೇಳಿದವನ ಕಿವಿಗೂ ಇದೆಲ್ಲ ಬೀಳುತ್ತದೆ. ನನ್ನನ್ನು ಕಾಡುವುದು ಆ ಪ್ರಶ್ನೆಯಲ್ಲ, ಅದರ ಬೆನ್ನಿಗೇ ಬರುವ ‘ಮತ್ತ ಯಾವಾಗ ಹೋಗ್ತಿ?’ ಎಂಬುದು. ಕೆಲಸ ಕಳೆದುಕೊಂಡು ಬಂದವನಿಗೆ ಅದು ಚುಚ್ಚುತ್ತದೆ. ಆತ ಕೈಕಾಲು ತೊಳೆದು, ಉಂಡು, ಒಂದು ರಾತ್ರಿ ಮಲಗಿ ಏಳುವತನಕವಾದರೂ ಅದನ್ನು ತಡೆದಿಡಬೇಕು.